ಮುರಿಗೆವ್ವನ ಶಕ್ತಿಗೆ ಬೆಲೆ

೫ ಜನವರಿ ೨೦೦೩, ಭಾನುವಾರ

ಇಂದು ಎರಡು ಸಾವಿರದ ಮೂರನೆಯ ಇಸವಿಯ ಜನವರಿ ಐದು. ಈ ದಿನಚರಿಯ ಉದ್ದೇಶ ಒಂದೇ: ಪ್ರಾಜೆಕ್ಟಿನ ವರದಿಯಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುವುದು. ವರದಿಯ ಭಾಷೆ ನಿರ್ಲಿಪ್ತವಾಗಿರಬೇಕೆಂದು ಸೀತಾಲಕ್ಷ್ಮಿ ಮೇಡಂ ಎರಡು ಸಲ ಹೇಳಿದ್ದಾರೆ. ನಿರ್ಲಿಪ್ತತೆ ನನಗೆ ಕಷ್ಟವಲ್ಲ. ಆದರೆ ಅಸಹ್ಯವನ್ನು ಎಲ್ಲಾದರೂ ಇಳಿಸಿ ಹೋಗಬೇಕಲ್ಲ, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಹೋಗುವ ಹಾಗೆ. ಇದು ಆ ಬಾಗಿಲಾಚೆಯ ಜಾಗ.

ಸಂಗತಿಗಳು ಹೀಗಿವೆ. ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಯ ಮೂರು ಸೆಮಿಸ್ಟರುಗಳಲ್ಲೂ ತರಗತಿಗೆ ನಾನೇ ಮೊದಲು. ನಾಲ್ಕನೆಯದರಲ್ಲಿ ಪ್ರಾಜೆಕ್ಟೇ ಮುಖ್ಯ. ಅದು ಕೈಜಾರದಿದ್ದರೆ ಚಿನ್ನದ ಪದಕ ನನ್ನದು. ತಲಘಟ್ಟಪುರದ ನಮ್ಮ ಬೀದಿಗೆ ಇದುವರೆಗೆ ಯಾವ ಪದಕವೂ ಬಂದದ್ದಿಲ್ಲ. ಅಪ್ಪ ಈಗಾಗಲೇ ನಡುಮನೆಯಲ್ಲಿ ಬುದ್ಧನ ಪಟದ ಪಕ್ಕಕ್ಕೆ ಒಂದು ಮೊಳೆ ಹೊಡೆದು ಜಾಗ ಮಾಡಿಟ್ಟಿದ್ದಾರೆ. ಪದಕಕ್ಕಿಂತ ಮೊದಲೇ ಮೊಳೆ ಬಂದದ್ದು ನನಗೆ ಸರಿಕಾಣಲಿಲ್ಲ. ಆದರೆ ಕೀಳಲಿಲ್ಲ.

ಪ್ರಾಜೆಕ್ಟನ್ನು ಇಬ್ಬಿಬ್ಬರು ಸೇರಿ ಮಾಡಬೇಕು. ತರಗತಿಯ ಮೊದಲನೆಯವಳನ್ನು ಕೊನೆಯವನ ಜೊತೆ ಜೋಡಿಸುವುದು ಮೇಡಮರ ಪದ್ಧತಿ. ಅದನ್ನು ಅವರು ಸಮತೋಲನ ಎಂದು ಕರೆಯುತ್ತಾರೆ. ಹಾಗಾಗಿ ನನಗೆ ಪ್ರಮೋದ್ ಸಿಕ್ಕಿದ್ದಾನೆ. ವಿಷಯ ಅವನದು: ದಾಳದ ಕಥೆಯಾಟದಲ್ಲಿ ಪಾತ್ರಗಳ ಶಕ್ತಿಯನ್ನು ಸಮತೂಕಕ್ಕೆ ತರುವುದು.

ಈ ಆಟದಲ್ಲಿ ಮಣೆಯಿಲ್ಲ, ಕಾಯಿಗಳಿಲ್ಲ. ಒಬ್ಬ ಸೂತ್ರಧಾರನಿರುತ್ತಾನೆ, ಊರು, ಕೋಟೆ, ಶತ್ರು, ಮಳೆ, ಬಿಸಿಲು ಎಲ್ಲವನ್ನೂ ಅವನೇ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ ಎನ್ನುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪ್ರತಿ ಪಾತ್ರಕ್ಕೂ ಒಂದು ವಿಶೇಷ ಶಕ್ತಿಯಿದೆ. ಒಬ್ಬರ ಶಕ್ತಿ ಮಿತಿಮೀರಿದರೆ ಉಳಿದವರು ಸುಮ್ಮನೆ ಬಾಯಿ ನೋಡುತ್ತ ಕೂರಬೇಕಾಗುತ್ತದೆ. ಆದ್ದರಿಂದ ಪ್ರತಿ ಶಕ್ತಿಗೂ ತಕ್ಕ ಬೆಲೆ ಗೊತ್ತುಮಾಡಬೇಕು. ವಿದೇಶದ ಯಾವುದೋ ಪುಸ್ತಕದ ಜೆರಾಕ್ಸ್ ನೋಡಿ ಪ್ರಮೋದ್ ಇದನ್ನು ತನ್ನದಾಗಿ ಮಾಡಿಕೊಂಡಿದ್ದಾನೆ. ಲೆಕ್ಕವೆಲ್ಲ ನನ್ನದು.

"ಆಟ ನಂದು, ಮ್ಯಾಥ್ಸ್ ನಿಂದು. ಫಿಫ್ಟಿ-ಫಿಫ್ಟಿ" ಎಂದು ಹಲ್ಲು ಬಿಟ್ಟ. ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ ಸೊಪ್ಪಿತ್ತು.

೧೨ ಜನವರಿ, ಭಾನುವಾರ

ಜೆ.ಪಿ. ನಗರ ಎರಡನೇ ಹಂತ, ಪ್ರಮೋದನ ಮನೆಯ ತಾರಸಿ. ಶೀಟು ಹಾಕಿದ ಮೂಲೆ, ಒಗೆದ ಬಟ್ಟೆಯ ಹಗ್ಗ, ಅಂಟಂಟಾದ ಪ್ಲಾಸ್ಟಿಕ್ ಹೊದಿಕೆಯ ಮೇಜು. ಮೇಜಿನ ನಡುವೆ ಖಾರಾಬೂಂದಿಯ ತಟ್ಟೆ. ಬೂಂದಿ ತಿಂದ ಕೈಯಲ್ಲೇ ದಾಳ ಎತ್ತುತ್ತಾರೆ. ಎಣ್ಣೆ ಮೆತ್ತಿದ ದಾಳ ಸಮವಾಗಿ ಉರುಳುವುದಿಲ್ಲ ಎಂದೆ. ಯಾರೂ ಕೈ ಒರೆಸಿಕೊಳ್ಳಲಿಲ್ಲ.

ಆಟಗಾರರು ಇಬ್ಬರು. ನಿಂಗರಾಜ, ನಮ್ಮ ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯವನು, ಪ್ರಮೋದನ ಪುಸ್ತಕವನ್ನು ಪ್ರತಿ ಮಾಡುವಾಗ "ಏನ್ ಆಟರೀ ಇದು?" ಎಂದು ಕೇಳಿ ಇದರೊಳಗೆ ಬಿದ್ದವನು. ಎರಡನೆಯವನು ಅವನ ಕೋಣೆಯ ಜೊತೆಗಾರ ಚನ್ನವೀರ. ಇಬ್ಬರೂ ಗದಗದ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಾರೆ. ಚನ್ನವೀರ ಒಂದು ಕೊರಿಯರ್ ಆಫೀಸಿನಲ್ಲಿ ಗುಮಾಸ್ತ. ಮಾತಿಗೆ ಮೊದಲು ಗಂಟಲು ಸರಿಮಾಡಿಕೊಂಡು, ಕೊನೆಗೆ ಮಾತನ್ನೇ ಆಡದೆ ಬಿಡುವ ಜಾತಿಯ ಮನುಷ್ಯ. ಆಟದ ನಡುವೆ ಆಫೀಸಿನಿಂದ ಎರಡು ಸಲ ಮೊಬೈಲಿಗೆ ಕರೆ ಬಂತು. ಎರಡು ಸಲವೂ ಅವನು ಎದ್ದು ನಿಂತೇ, "ಆತ್ರಿ ಸರ್, ಮಾಡ್ತೀನ್ರಿ ಸರ್" ಎಂದ.

ಮೂವರಿಲ್ಲದೆ ಆಟ ನಡೆಯದಂತೆ. ನನಗೂ ಒಂದು ಪಾತ್ರ ಅಂಟಿಸಿದರು: ಲೆಕ್ಕದ ಹೊಳೆಪ್ಪ. ಸುಳ್ಳನ್ನು ಗುರುತಿಸುವುದು ಅವನ ಶಕ್ತಿ, ಅದೂ ದಾಳ ಒಪ್ಪಿದರೆ. ನಿಂಗರಾಜನ ಪಾತ್ರ ಭೀಮರಾಯನೆಂಬ ಜಟ್ಟಿ. ಚನ್ನವೀರನದು ಮುರಿಗೆವ್ವ ಎಂಬ ಮುದುಕಿ.

ಪ್ರಮೋದ್ ಬಹಳ ಹೊತ್ತು ವರ್ಣಿಸಿದ: ದಳವಾಯಿಯ ಸವಾರರು ಊರಿಗೆ ನುಗ್ಗಿದರು, ಕಣಜಕ್ಕೆ ಬೆಂಕಿಯಿಟ್ಟರು, ಜೋಳ ಸುಡುವ ವಾಸನೆ ಎದ್ದಿತು. ವರ್ಣನೆ ಕೆಟ್ಟದಾಗಿರಲಿಲ್ಲ. ಆಗ ಚನ್ನವೀರ ಗಂಟಲು ಸರಿಮಾಡಿಕೊಂಡ.

"ಒಲ್ಲೆ."

"ಏನ್ ಗುರು ಒಲ್ಲೆ?" ಎಂದ ಪ್ರಮೋದ್.

"ಮುರಿಗೆವ್ವ ಅಂದ್ಲರಿ. ಒಲ್ಲೆ."

ಅಷ್ಟೇ. ಕಣಜ ಸುಡಲಿಲ್ಲ. ಇದು ಅವಳ ಶಕ್ತಿ: ಅವಳು ಒಲ್ಲೆ ಎಂದದ್ದು ಆಗಿಯೇ ಇಲ್ಲ. ದಾಳವಿಲ್ಲ, ಮಿತಿಯಿಲ್ಲ, ಬೆಲೆಯಿಲ್ಲ. ಆರಂಭದಲ್ಲಿ ಎಲ್ಲರಿಗೂ ಬೇಕಾದ ಶಕ್ತಿ ಆರಿಸಿಕೊಳ್ಳಿ ಎಂದು ಪ್ರಮೋದನೇ ಧಾರಾಳ ತೋರಿಸಿದ್ದನಂತೆ. ಇವನು ಜಟ್ಟಿತನ ಕೇಳಲಿಲ್ಲ, ಹಾರುವ ವಿದ್ಯೆ ಕೇಳಲಿಲ್ಲ, ಇದನ್ನು ಕೇಳಿದ.

"ಸಖತ್ ಓವರ್‌ಪವರ್ಡ್ ಮಗಾ ಇದು" ಎಂದು ಪ್ರಮೋದ್ ನನ್ನ ಕಡೆ ತಿರುಗಿದ. "ಏನಾದ್ರೂ ಮಾಡು ಶಾಲಿನಿ."

ಗಣಿತದಲ್ಲಿ ಸೊನ್ನೆಯಿಂದ ಭಾಗಿಸುವವರನ್ನು ಕಂಡರೆ ಆಗುವಂಥ ಜಿಗುಪ್ಸೆ ನನಗಾಯಿತು.

ಪ್ರಮೋದನ ತಾಯಿ ಕಾಫಿ ತಂದರು. "ಯಾವ ಕಡೆಯವರಮ್ಮಾ ನೀವು?" ಎಂದು ಕೇಳಿದ್ದರು, ಬಾಗಿಲಲ್ಲೇ. ತಲಘಟ್ಟಪುರ ಎಂದಿದ್ದೆ. ತಲಘಟ್ಟಪುರದಲ್ಲಿ ಯಾವ ಬೀದಿ ಎಂದಿದ್ದರು, ಅದನ್ನೂ ಹೇಳಿದ್ದೆ. ಉಳಿದ ಮೂವರಿಗೆ ಸ್ಟೀಲ್ ಲೋಟ. ನನಗೆ ಬಿಸಾಡುವ ಪ್ಲಾಸ್ಟಿಕ್ ಲೋಟ. ನಾನು ಕಾಫಿ ಕುಡಿಯುವುದಿಲ್ಲ ಎಂದೆ. ದಿನಕ್ಕೆ ಮೂರು ಸಲ ಕುಡಿಯುತ್ತೇನೆ.

೨೬ ಜನವರಿ, ಭಾನುವಾರ

ಎರಡು ಪ್ರಯತ್ನ ಮಾಡಿದೆ, ಎರಡೂ ಕೆಟ್ಟವು.

ಮೊದಲನೆಯದು: ಒಂದು ಕೂಟಕ್ಕೆ ಒಂದೇ ಸಲ ಒಲ್ಲೆ ಎನ್ನಬಹುದು. ಚನ್ನವೀರ ಆ ಒಂದನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡವನಂತೆ ಕೊನೆಯವರೆಗೂ ಕಾದ. ಪ್ರಮೋದ್ ವಾರವಿಡೀ ಕೂತು ಹೆಣೆದಿದ್ದ ದಳವಾಯಿಯ ಪಟ್ಟಾಭಿಷೇಕ, ಕತ್ತಿಗಳು, ಕಹಳೆಗಳು, ಎಲ್ಲ ಮುಗಿದು ಕಿರೀಟ ತಲೆಗೆ ಇಳಿಯುವ ಕ್ಷಣಕ್ಕೆ, "ಒಲ್ಲೆ." ನಿಂಗರಾಜ ನಕ್ಕು ನಕ್ಕು ಬೂಂದಿ ನೆತ್ತಿಗೇರಿಸಿಕೊಂಡ. "ದಳವಾಯಿ ತೆಲಿ ಬರೀ ಆತಲೇ!" ಎಂದು ಮೇಜು ಬಡಿದ. ಪ್ರಮೋದನ ಮುಖ ಮಾತ್ರ ನೋಡುವಂತಿತ್ತು. ಅದನ್ನು ನೋಡಿ ನನಗೆ ಸ್ವಲ್ಪ ಸುಖವಾಯಿತೆಂದು ನಿಖರತೆಗಾಗಿ ದಾಖಲಿಸುತ್ತೇನೆ.

ಎರಡನೆಯದು: ಒಲ್ಲೆ ಫಲಿಸಬೇಕಾದರೆ ದಾಳದಲ್ಲಿ ಆರು ಬೀಳಬೇಕು. ಚನ್ನವೀರನಿಗೆ ಆರೇ ಬಿತ್ತು, ಮತ್ತೆ ಆರೇ ಬಿತ್ತು. ಪ್ರಮೋದ್ ದಾಳವನ್ನು ಕಿತ್ತುಕೊಂಡು ಲುಂಗಿಗೆ ಒರೆಸಿದ. ನಾನು ಒರೆಸಿರೆಂದಾಗ ಒರೆಸದವನು. ಸ್ವಾರ್ಥ ಮುಟ್ಟಿದಾಗ ಮಾತ್ರ ಶುಚಿತ್ವ ನೆನಪಾಗುವ ಜನ.

ಪ್ರಮೋದನ ತಾಯಿ ಟೀ ತಂದರು. "ಕಾಫಿ ಕುಡಿಯಲ್ಲ ಅಂದ್ಯಲ್ಲಮ್ಮ, ಅದಕ್ಕೇ ಟೀ ಮಾಡ್ದೆ." ಅದೇ ಬಗೆಯ ಲೋಟ. ಬಿಸಿ ನನಗೆ ಆಗುವುದಿಲ್ಲ, ಗಂಟಲು ಕೆಟ್ಟಿದೆ ಎಂದೆ.

೨ ಫೆಬ್ರವರಿ, ಭಾನುವಾರ

ಪರಿಹಾರ ಸಿಕ್ಕಿತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಹೊಳೆಯಿತು, ಹೊಳೆದ ಕೂಡಲೇ ಸರಿಯೆಂದು ಗೊತ್ತಾಯಿತು.

ಮುರಿಗೆವ್ವ ಒಲ್ಲೆ ಎನ್ನಲಿ, ಎಷ್ಟು ಸಲವಾದರೂ ಎನ್ನಲಿ. ಆದರೆ ಕಾರಣ ಕೊಡಬೇಕು. ಆ ಕಾರಣಕ್ಕೆ ಸೂತ್ರಧಾರನ ಬಳಿ ಉತ್ತರವಿದ್ದರೆ ಒಲ್ಲೆ ಬಿದ್ದುಹೋಗುತ್ತದೆ; ಉತ್ತರವಿಲ್ಲದಿದ್ದರೆ ನಿಲ್ಲುತ್ತದೆ. ಶಕ್ತಿಯನ್ನು ಕಿತ್ತುಕೊಂಡಂತೆಯೂ ಆಗಲಿಲ್ಲ, ಅದಕ್ಕೊಂದು ಬೆಲೆಯೂ ಬಂತು. ಕಾರಣವಿಲ್ಲದ ನಿರಾಕರಣೆ ಹಟ. ಕಾರಣವಿರುವ ನಿರಾಕರಣೆ ವಾದ. ಮನುಷ್ಯರ ನಡುವೆ ನಡೆಯಬೇಕಾದದ್ದು ವಾದ.

ಇಂದೇ ಪ್ರಯೋಗ ಮಾಡಿದೆವು. ಸವಾರರು ಮುರಿಗೆವ್ವನ ಎತ್ತನ್ನು ಕೇಳಿದರು.

"ಒಲ್ಲೆ" ಎಂದ ಚನ್ನವೀರ.

"ಯಾಕೆ?" ಎಂದ ಪ್ರಮೋದ್. ಅವನ ಕಣ್ಣು ಮಿನುಗಿದ್ದನ್ನು ಕಂಡೆ.

"ನಾಳೆ ಬಿತ್ತಬೇಕರಿ."

"ನಾಳೆ ಸಂಜೆ ವಾಪಸ್ ಕೊಡ್ತೀವಿ. ನೆಕ್ಸ್ಟ್?"

"ಎತ್ತು ವಯಸ್ಸಾಗೇತಿ."

"ನಿಧಾನಕ್ಕೆ ಹೊಡೀತೀವಿ. ನೆಕ್ಸ್ಟ್?"

ಚನ್ನವೀರ ಗಂಟಲು ಸರಿಮಾಡಿಕೊಂಡ. ಎತ್ತು ಹೋಯಿತು.

"ಶಾಲಿನಿ, ನೀನು ಜೀನಿಯಸ್ ಕಣೆ" ಎಂದ ಪ್ರಮೋದ್. ಸರಿಯಾದ ಮಾತು ತಪ್ಪು ಬಾಯಿಂದ ಬಂತು.

೯ ಫೆಬ್ರವರಿ, ಭಾನುವಾರ

ಕೋಷ್ಟಕಗಳು ಸುಂದರವಾಗಿವೆ. ಭೀಮರಾಯ, ಹೊಳೆಪ್ಪ, ಮುರಿಗೆವ್ವ, ಮೂವರ ಪ್ರಭಾವವೂ ಒಂದೇ ಗೆರೆಗೆ ಬಂದು ಕೂತಿದೆ. ಮೇಡಂ ನೋಡಿ "ಬ್ಯೂಟಿಫುಲ್" ಎಂದರು. ಅವರು ಆ ಪದವನ್ನು ಲಘುವಾಗಿ ಬಳಸುವವರಲ್ಲ.

ಇಂದಿನ ಆಟ ಮಾತ್ರ ನೀರಸವಾಗಿತ್ತು. ಪ್ರಮೋದ್ ಹೇಳುತ್ತ ಹೋದ. ಊರಿನ ಬಾವಿ ಹೋಯಿತು, ಕಣಜ ಹೋಯಿತು, ಮುರಿಗೆವ್ವನ ಜಗುಲಿಯ ಮೇಲೆ ಕುದುರೆ ಕಟ್ಟಿದರು. ಚನ್ನವೀರ ಒಂದು ಸಲವೂ ಒಲ್ಲೆ ಎನ್ನಲಿಲ್ಲ. ಬೂಂದಿಯ ಪುಡಿಯನ್ನು ಬೆರಳಿನಿಂದ ಸಾಲಾಗಿ ಜೋಡಿಸುತ್ತ ಕೂತಿದ್ದ.

"ಮುರಿಗೆವ್ವನ ಬಾಯಿಗೆ ಬೀಗ ಜಡದ್ರಿ ಅಕ್ಕಾರ" ಎಂದ ನಿಂಗರಾಜ, ನಗುತ್ತಲೇ. "ಕೀಲಿಕೈ ಎಲ್ಲಿ ಒಗದ್ರಿ?"

"ಬೀಗ ಅಲ್ಲ, ನಿಯಮ" ಎಂದೆ. "ಒಳ್ಳೆ ಕಾರಣ ಕೊಟ್ರೆ ಗೆಲ್ಲಬಹುದು. ಪ್ರಯತ್ನಾನೇ ಮಾಡ್ದೆ ಇದ್ರೆ ಅದು ನಿಯಮದ ತಪ್ಪಾ?"

"ಏನೋಪಾ, ನಾವು ಜೆರಾಕ್ಸ್ ಹೊಡಿಯೋ ಮಂದಿ" ಎಂದು ಅವನು ಕೈ ಮುಗಿದ. ನನ್ನನ್ನು ಅಣಕಿಸಿದನೆಂದು ಅನುಮಾನ.

ತಣ್ಣನೆಯ ನಿಂಬೆ ಪಾನಕ ಬಂತು. "ಬಿಸಿ ಆಗಲ್ಲ ಅಂದ್ಯಲ್ಲ." ಪ್ಲಾಸ್ಟಿಕ್ ಲೋಟ. ಇದಕ್ಕೆ ಹೇಳಲು ಏನೂ ಉಳಿದಿರಲಿಲ್ಲ. ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಬನಶಂಕರಿ ನಿಲ್ದಾಣದವರೆಗೂ ಬಾಯಿ ಅಂಟಂಟಾಗಿಯೇ ಇತ್ತು.

೧೬ ಫೆಬ್ರವರಿ, ಭಾನುವಾರ

ಚನ್ನವೀರ ಬರಲಿಲ್ಲ. ಅವನ ಆಫೀಸಿನಲ್ಲಿ ಇನ್ನು ಮೇಲೆ ಭಾನುವಾರವೂ ಅವನೇ ಬರಬೇಕೆಂದಿದ್ದಾರಂತೆ. "ಹೂಂ ಅಂದ ಬಂದಾನ" ಎಂದ ನಿಂಗರಾಜ. "ಊರಿಗೆ ಹೋಗೂದೈತಿ ಅಂದ. ಮುಂದಿನ ತಿಂಗಳ ಹೋಗು ಅಂದ್ರು. ಮೈಯಾಗ ಹುಷಾರಿಲ್ಲ ಅಂದ. ಗುಳಿಗಿ ಕೊಟ್ರು."

ಇಪ್ಪತ್ತಾರು ವರ್ಷದ ಗಂಡಸು. ಇಂಥ ಬೆನ್ನೆಲುಬಿಲ್ಲದ ಜನ ಆಟದಲ್ಲಿ ಸರ್ವಶಕ್ತರಾಗಬಯಸುವುದು ಸಹಜವೇ. ಹಾಗೆಂದೆ.

ನಿಂಗರಾಜ ಮೊದಲ ಬಾರಿಗೆ ನಗಲಿಲ್ಲ. "ಮುರಿಗೆವ್ವ ಅಂದ್ರ ಅವ್ನ ಅಜ್ಜಿರಿ. ಖರೇನ ಇದ್ದಾಕಿ. ನಮ್ಮೂರಾಗ ಖಾನಾವಳಿ ಇಟ್ಟಿದ್ಲು. ಊರಿನ ಒಬ್ಬ ದೊಡ್ಡ ಮನುಷ್ಯಾಗ ಎಲಿ ಹಾಕೂದಿಲ್ಲ ಅಂದ್ಲು. ಅಂವಾ ದಿನಾ ಬಂದು ಯಾಕ ಅಂತ ಕೇಳ್ದ. ದಿನಾ ಒಲ್ಲೆ ಅಂದ್ಲು. ವರ್ಷಗಟ್ಲೆ."

"ಕಾರಣ ಏನಿತ್ತು?"

"ಯಾರಿಗೆ ಗೊತ್ರಿ? ಚನ್ಯಾನೂ ಕೇಳಿದ್ನಂತ. 'ಕಾರಣ ಕೊಟ್ರ ಅದನ್ನ ರಿಪೇರಿ ಮಾಡ್ಕೊಂಡು ನಾಳೆ ಮತ್ತ ಬರ್ತಾನಪಾ' ಅಂದ್ಲಂತ."

ಪ್ರಮೋದ್ ಹೋ ಎಂದು ನಕ್ಕ. ನನಗೂ ಇದರಲ್ಲಿ ತರ್ಕವೇನೂ ಕಾಣಲಿಲ್ಲ. ದೋಷವಿದ್ದರೆ ಸರಿಪಡಿಸಿಕೊಂಡು ಬರುವುದು ಒಳ್ಳೆಯದೇ ಅಲ್ಲವೇ? ಆ ಮುದುಕಿ ಏನನ್ನೂ ಓದಿರಲಾರಳು.

೨೩ ಫೆಬ್ರವರಿ, ಭಾನುವಾರ

ಚನ್ನವೀರ ಈ ವಾರವೂ ಇಲ್ಲ. ಅಂಕಿಅಂಶ ನಿಲ್ಲುವಂತಿಲ್ಲ, ಮುರಿಗೆವ್ವನನ್ನು ನಾನೇ ಆಡಿದೆ. ಇದನ್ನು ವಿವರವಾಗಿ ಬರೆಯಬೇಕು, ಏಕೆಂದರೆ ನನಗೆ ಅಪಾರ ಅಸಹ್ಯವಾಗಿದೆ ಮತ್ತು ಅಸಹ್ಯ ಯಾವುದರ ಮೇಲೆಂದು ಖಚಿತವಾಗುತ್ತಿಲ್ಲ.

ದಳವಾಯಿ ಮುರಿಗೆವ್ವನ ಮನೆಯನ್ನೇ ಕೇಳಿದ. ಪಾಳೆಯ ಹೂಡಲು.

ಒಲ್ಲೆ ಎಂದೆ. ನಿಯಮದಂತೆ ಕಾರಣ ಕೊಟ್ಟೆ. ಚನ್ನವೀರನಂತೆ ತಡವರಿಸಲಿಲ್ಲ, ಒಂದರ ಮೇಲೊಂದು, ಪೂರ್ವಪಕ್ಷ ಊಹಿಸಿ, ಬಿಗಿಯಾಗಿ. ಮನೆ ಚಿಕ್ಕದು ಎಂದೆ. ಪಕ್ಕದ ಗೋಡೆ ಒಡೆಸಿ ದೊಡ್ಡದು ಮಾಡುತ್ತೇವೆ ಎಂದ. ಮುದುಕಿಗೆ ಇರಲು ಬೇರೆ ಜಾಗವಿಲ್ಲ ಎಂದೆ. ಕೋಟೆಯೊಳಗೆ ಕೋಣೆ ಕೊಡುತ್ತೇವೆ ಎಂದ. ಅದು ಅವಳ ಗಂಡ ಕಟ್ಟಿದ ಮನೆ ಎಂದೆ. ಬಾಗಿಲ ಮೇಲೆ ಗಂಡನ ಹೆಸರು ಕೆತ್ತಿಸುತ್ತೇವೆ ಎಂದ. ಅವನು ಯೋಚಿಸುತ್ತಲೂ ಇರಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಕಿವಿಯಲ್ಲಿ ಕಿರುಬೆರಳಾಡಿಸುತ್ತ, ಉತ್ತರ ಕೊಡುತ್ತಿದ್ದ. ಅವನ ಉತ್ತರಗಳು ಚೆನ್ನಾಗಿರಬೇಕಾಗಿಯೂ ಇರಲಿಲ್ಲ. ಉತ್ತರ ಇದ್ದರೆ ಸಾಕಿತ್ತು. ಹಾಗೆ ನಿಯಮ ಬರೆದವಳು ನಾನು.

"ನೆಕ್ಸ್ಟ್?" ಎಂದ.

ಮನೆ ಹೋಯಿತು.

ಬೆರಳನ್ನು ಶರಟಿಗೆ ಒರೆಸಿಕೊಂಡು ಅದೇ ಕೈಯಿಂದ ದಾಳ ಎತ್ತಿಕೊಟ್ಟ. ತೆಗೆದುಕೊಳ್ಳಲಿಲ್ಲ.

೨ ಮಾರ್ಚ್, ಭಾನುವಾರ

ಇಂದು ಆಟವಿರಲಿಲ್ಲ. ತಾರಸಿಯಲ್ಲಿ ಪ್ರಮೋದನ ಚಿಕ್ಕಪ್ಪ ವೆಂಕಟಸ್ವಾಮಿ ಕೂತಿದ್ದರು. ಜಯನಗರದಲ್ಲಿ ಮದುವೆ ಪತ್ರಿಕೆಯ ಪ್ರೆಸ್ಸಿದೆ ಅವರಿಗೆ. ಆಟವನ್ನು ಡಬ್ಬಿಯಲ್ಲಿ ಹಾಕಿ ಬೇಸಿಗೆ ರಜೆಗೆ ಮಾರುತ್ತಾರಂತೆ. ನನ್ನ ಬೆಲೆಯ ಕೋಷ್ಟಕಗಳು ಬೇಕು. ಡಬ್ಬಿಯ ಮೇಲೆ ಹೆಸರು ಪ್ರಮೋದನದು ಒಂದೇ. ಮತ್ತೆ ಮುರಿಗೆವ್ವ ಬೇಡ.

"ಮುದುಕಿ ಯಾರಿಗಮ್ಮ ಬೇಕು? ಆ ಜಾಗಕ್ಕೆ ಒಬ್ಳು ರಾಜಕುಮಾರಿ ಹಾಕಣ, ಚಾಟಿ ಹಿಡ್ಕೊಂಡಿರೋಳು" ಎಂದರು ಅಂಕಲ್, ಎಲೆ ಅಡಿಕೆ ಜಗಿಯುತ್ತ. "ಆ ಒಲ್ಲೆ ಪಲ್ಲೆ ಎಲ್ಲ ಇದ್ರೆ ಮಕ್ಳು ಜಗಳ ಆಡ್ತಾವೆ."

ನಾನು ಆಗುವುದಿಲ್ಲ ಎಂದೆ. ಕಾರಣಗಳನ್ನು ಕೊಟ್ಟೆ. ಕೋಷ್ಟಕ ನನ್ನ ಕೆಲಸ ಎಂದೆ. "ಆಟ ನಂದಲ್ವಾ?" ಎಂದ ಪ್ರಮೋದ್. ಪ್ರಾಜೆಕ್ಟು ಇನ್ನೂ ಒಪ್ಪಿಸಿಲ್ಲ ಎಂದೆ. "ಒಪ್ಪಿಸಿದ್ಮೇಲೆ ಪ್ರಿಂಟ್ ಮಾಡ್ತೀವಿ." ಹೆಸರಿಲ್ಲದೆ ಅಚ್ಚಾಗುವುದು ಸರಿಯಲ್ಲ ಎಂದೆ. "ಒಳಗಡೆ ಥ್ಯಾಂಕ್ಸ್ ಹಾಕ್ತೀವಿ ಕಣೆ. ನಿಂಗೆ ಪದಕ ಬರತ್ತೆ, ನಂಗೇನ್ ಬರತ್ತೆ?" ಮುರಿಗೆವ್ವ ಚನ್ನವೀರನ ಪಾತ್ರ, ಅವನನ್ನು ಕೇಳಬೇಕು ಎಂದೆ. "ಅವ್ನು ಯಾವತ್ತು ಇಲ್ಲ ಅಂದಿದಾನೆ?"

ಎಲ್ಲಕ್ಕೂ ಉತ್ತರವಿತ್ತು. ಒಂದೂ ಒಳ್ಳೆಯ ಉತ್ತರವಲ್ಲ.

ಅಂಕಲ್ ತಾರಸಿಯ ಕುಂಡದೊಳಕ್ಕೆ ಉಗಿದರು. ತುಳಸಿ ಕುಂಡವಲ್ಲ, ಪುಣ್ಯಕ್ಕೆ ಕ್ರೋಟನ್ನು.

೫ ಮಾರ್ಚ್, ಬುಧವಾರ

ಮೇಡಂ ಕರೆಸಿದರು. ಪ್ರಮೋದ್ ಅವರ ಬಳಿ ಮೊದಲೇ ಹೋಗಿ ಬಂದಿದ್ದ.

"ನೋಡು ಶಾಲಿನಿ, ಜಾಯಿಂಟ್ ಪ್ರಾಜೆಕ್ಟ್ ಇದು. ಇಬ್ರಲ್ಲಿ ಒಪ್ಪಂದ ಇಲ್ಲದೆ ನಾನು ಫಾರ್ವರ್ಡ್ ಮಾಡಕ್ಕಾಗಲ್ಲ. ಅವ್ನ ಆಟಕ್ಕೆ ಅವ್ನ ಹೆಸರು ಹಾಕ್ಕೊಳ್ಳಲಿ, ನಿಂಗೇನ್ ಕಷ್ಟ?"

ಕಷ್ಟವೇನೆಂದು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ, ಸೆಮಿನಾರಿನಲ್ಲಿ ಮಾತನಾಡುವ ಹಾಗೆ. ಅವರು ತಲೆದೂಗುತ್ತ ಕೇಳಿ, ಒಂದೊಂದನ್ನೇ ನಯವಾಗಿ ಎತ್ತಿ ಪಕ್ಕಕ್ಕಿಟ್ಟರು. ಕೊನೆಗೆ, "ಇಷ್ಟು ಬುದ್ಧಿವಂತೆ, ಇಷ್ಟು ಸಣ್ಣ ವಿಷಯಕ್ಕೆ ಹಟ ಮಾಡ್ತೀಯ" ಎಂದರು. ಹದಿನಾಲ್ಕನೇ ತಾರೀಖು ಕೊನೆಯ ದಿನ. ಅಷ್ಟರಲ್ಲಿ ಸರಿ ಎನ್ನಬೇಕು. ಇಲ್ಲವಾದರೆ ಪ್ರಾಜೆಕ್ಟಿಲ್ಲ, ಪ್ರಾಜೆಕ್ಟಿಲ್ಲದಿದ್ದರೆ ಪದಕವಿಲ್ಲ.

ಅವರ ಮೇಜಿನ ಗಾಜಿನಡಿ ದೇವರ ಪಟ, ಮಗಳ ಫೋಟೊ, ಒಂದು ಸತ್ತ ನೊಣ. ಮಾತು ಮುಗಿಯುವವರೆಗೂ ನೊಣವನ್ನೇ ನೋಡುತ್ತಿದ್ದೆ.

೯ ಮಾರ್ಚ್, ಭಾನುವಾರ

ಬಿಟಿಎಂ ಲೇಔಟಿಗೆ ಹೋದೆ. ಹೋದದ್ದು ಅಂಕಿಅಂಶಕ್ಕಾಗಿ. ಕಾರಣದ ನಿಯಮವನ್ನು ತೆಗೆದರೆ ಮುರಿಗೆವ್ವನ ಗೆರೆ ಎಲ್ಲಿ ನಿಲ್ಲುತ್ತದೆಂದು ಮತ್ತೊಮ್ಮೆ ಅಳೆಯುವುದು ಅಗತ್ಯವೆನಿಸಿತು. ಅದಕ್ಕೆ ಮೂಲ ಆಟಗಾರನೇ ಬೇಕು.

ನಿಂಗರಾಜ ಹೇಳಿದ ಮೆಸ್ಸು ಸಿಕ್ಕಿತು. ಎರಡು ಪಿ.ಜಿ.ಗಳ ನಡುವೆ, ಚರಂಡಿಯ ಮೇಲೆ ಹಾಸಿದ ಕಲ್ಲು ದಾಟಿ ಒಳಗೆ ಹೋಗಬೇಕು. ಒಳಗೆ ಸುಟ್ಟ ಜೋಳದ ಹಿಟ್ಟಿನ ವಾಸನೆ, ಒದ್ದೆ ಬೆಂಚು, ತಟ್ಟೆಗಳ ಸದ್ದು. ಚನ್ನವೀರ ಭಾನುವಾರದ ಊಟ ಮಾಡುತ್ತ ಕೂತಿದ್ದ. ಭಾನುವಾರ!

"ಆಫೀಸ್ ಇಲ್ವಾ?" ಎಂದೆ.

"ಇಲ್ರಿ. ಬರೂದಿಲ್ಲ ಅಂದೆ." ರೊಟ್ಟಿ ಮುರಿದ. "ಬರ್ರಿ, ಕುಂದರ್ರಿ. ಊಟ ಮಾಡ್ತೀರೇನು?"

"ಅವರು ಒಪ್ಪಿದ್ರಾ? ಏನ್ ಕಾರಣ ಕೊಟ್ರಿ?"

ಅವನು ಪಲ್ಯ ಬಡಿಸಿಕೊಂಡ.

ಬಂದ ವಿಷಯ ಹೇಳಿದೆ. ಹಳೆಯ ನಿಯಮವೇ ಇರುತ್ತದೆ, ಒಂದು ಕೂಟ ಆಡಿದರೆ ಸಾಕು ಎಂದೆ. ಮುರಿಗೆವ್ವನನ್ನು ತೆಗೆದುಹಾಕಲು ಹೊರಟಿದ್ದಾರೆಂಬುದನ್ನೂ, ಚಾಟಿಯ ರಾಜಕುಮಾರಿಯನ್ನೂ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಗಂಟಲು ಸರಿಮಾಡಿಕೊಳ್ಳಲಿಲ್ಲ.

"ನಾ ಇನ್ನ ಆಡಾಕ ಬರೂದಿಲ್ರಿ."

"ಯಾಕೆ?"

ಅವನು ನಕ್ಕ. ಅವಮಾನಿಸುವ ನಗೆಯಾಗಿರಲಿಲ್ಲ.

ನಾನು ಮತ್ತೆ ಕೇಳಿದೆ, ಬೇರೆ ಮಾತಿನಲ್ಲಿ. ನನ್ನ ಮೇಲೆ ಸಿಟ್ಟೇ ಎಂದೆ. ಪ್ರಮೋದನಿಲ್ಲದ ಕಡೆ ಆಡೋಣವೇ ಎಂದೆ. ಬೇರೆ ದಿನ ಎಂದೆ. ಅವನು "ರೊಟ್ಟಿ ತಣ್ಣಗಾದ್ರ ಛಲೋ ಇರೂದಿಲ್ರಿ, ಒಂದರೆ ತಿನ್ರಿ" ಎಂದ. ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ನನ್ನ ಬಳಿ ಮುಂದಿನ ವಾಕ್ಯ ಇರಲಿಲ್ಲ. ಇದು ನನಗೆ ಹಿಂದೆಂದೂ ಆದದ್ದಲ್ಲ.

ತಟ್ಟೆಯ ಅಂಚು ನೆಗ್ಗಿತ್ತು. ಎಲ್ಲರ ತಟ್ಟೆಯೂ ನೆಗ್ಗಿತ್ತು. ಎರಡು ರೊಟ್ಟಿ ತಿಂದೆ. ಖಾರ ವಿಪರೀತ, ಕಣ್ಣಲ್ಲಿ ನೀರು ಬಂತು. ಅದು ಖಾರದ ನೀರು.

ಏಳುವಾಗ ಅವನು ಕೇಳಿದ: "ಮುರಿಗೆವ್ವನ ಏನ್ ಮಾಡ್ತೀರಿ?"

ಯೋಚಿಸುತ್ತೇನೆ ಎಂದೆ.

೧೧ ಮಾರ್ಚ್, ಮಂಗಳವಾರ

ಪ್ರಮೋದನ ಮನೆಗೆ ಹೋಗಿ ನನ್ನ ಹಾಳೆಗಳನ್ನು ತಂದೆ. ಅವನು ಇರಲಿಲ್ಲ. ಅವನ ತಾಯಿ ಬಾದಾಮಿ ಹಾಲು ತಂದರು, ಅದೇ ಲೋಟದಲ್ಲಿ.

ಬೇಡ ಎಂದೆ.

"ಯಾಕಮ್ಮ? ಬಾದಾಮಿ ಆಗಲ್ವಾ?"

ಅವರು ಲೋಟ ಹಿಡಿದುಕೊಂಡು ನಿಂತೇ ಇದ್ದರು. ನಾನು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟೆ. ಬಸ್ಸು ಖಾಲಿಯಿತ್ತು.

೧೩ ಮಾರ್ಚ್, ಗುರುವಾರ

ಕೊನೆಯ ಅಧ್ಯಾಯ ತಿದ್ದಿದೆ. ಮುರಿಗೆವ್ವನ ಸಾಲಿನಲ್ಲಿ ಶಕ್ತಿ ಎಂಬಲ್ಲಿ "ಒಲ್ಲೆ" ಎಂದೂ, ಬೆಲೆ ಎಂಬಲ್ಲಿ "ಇಲ್ಲ" ಎಂದೂ ಬರೆದೆ. ಗೆರೆ ಕಾಗದದ ಆಚೆಗೆ ಹೋಗುತ್ತದೆ. ಅಸಮತೋಲನ. ನೋಡಲು ಅಸಹ್ಯವಾಗಿದೆ. ಹಾಗೆಯೇ ಬಿಟ್ಟೆ.

ಅಮ್ಮ ಬಂದು ಬಾಗಿಲಲ್ಲಿ ನಿಂತಳು. "ನಾಳೆನಾ ಕೊಡೋದು?"

"ಹೂಂ."

"ಪದಕ ಯಾವಾಗ ಬತ್ತದೆ?"

"ಬರದೇನೂ ಇರಬಹುದಮ್ಮ."

ಅಮ್ಮ ಯಾಕೆ ಎಂದು ಕೇಳಲಿಲ್ಲ. "ಉಣ್ಣು ಬಾ" ಎಂದಳು. ಅವಳ ಹೆಸರು ಅಣ್ಣಮ್ಮ ಎಂದು ಕಾಲೇಜಿನಲ್ಲಿ ಹೇಳಲು ನನಗೆ ಮೊದಲ ವರ್ಷ ಸಂಕೋಚವಾಗುತ್ತಿತ್ತು. ಇದನ್ನು ಇಲ್ಲಿ ಏಕೆ ಬರೆದೆನೋ ತಿಳಿಯದು, ಪ್ರಾಜೆಕ್ಟಿಗೆ ಸಂಬಂಧಿಸಿದ್ದಲ್ಲ.

ಕೊಡೆ ಇಡಲು ಜಾಗವಿರಲಿಲ್ಲ. ನಡುಮನೆಯ ಮೊಳೆಗೆ ತೂಗುಹಾಕಿದೆ.

೧೪ ಮಾರ್ಚ್, ಶುಕ್ರವಾರ

ಮೇಡಮರ ಕೋಣೆ. ಪ್ರಮೋದ್ ಇದ್ದ, ಅಂಕಲ್ ಇದ್ದರು, ಗಾಜಿನಡಿ ನೊಣವೂ ಇತ್ತು. ಕೋಣೆಯ ತುಂಬ ಎಲೆ ಅಡಿಕೆಯ ವಾಸನೆ.

"ಕೊನೇ ಸಲ ಕೇಳ್ತಿದೀನಿ ಶಾಲಿನಿ" ಎಂದರು ಮೇಡಂ. "ಆ ಮುದುಕೀನ ತೆಗೆದು, ಟೇಬಲ್ಸ್ ಇವರಿಗೆ ಕೊಟ್ಟುಬಿಡು. ಇವತ್ತೇ ಫಾರ್ವರ್ಡ್ ಮಾಡ್ತೀನಿ. ಇಲ್ಲಾಂದ್ರೆ ಪದಕ ಹೋಗತ್ತೆ. ಗೊತ್ತಲ್ಲ?"

"ಗೊತ್ತು ಮೇಡಂ."

"ಹೆಸರಿಂದೇ ಪ್ರಾಬ್ಲಮ್ಮಾ? ಡಬ್ಬಿ ಕೆಳಗಡೆ ಸಣ್ಣದಾಗಿ ನಿನ್ನ ಹೆಸರೂ ಹಾಕಿಸ್ತಾರಂತೆ."

"ಹಾಕಸ್ತೀನಮ್ಮ, ಅದಕ್ಕೇನಂತೆ" ಎಂದರು ಅಂಕಲ್.

"ರಾಜಕುಮಾರಿಗೆ ಬೇಕಾದ್ರೆ ಮುರಿಗೆವ್ವ ಅಂತ್ಲೇ ಹೆಸರಿಡೋಣ ಕಣೆ" ಎಂದ ಪ್ರಮೋದ್. "ಇನ್ನೇನ್ ಬೇಕು ಹೇಳು? ನೆಕ್ಸ್ಟ್?"

ಮೂವರೂ ನನ್ನ ಬಾಯಿ ನೋಡುತ್ತಿದ್ದರು. ಒಂದೊಂದು ಉತ್ತರವನ್ನೂ ಸಿದ್ಧವಾಗಿ ಹಿಡಿದುಕೊಂಡಿದ್ದರು.

"ಹೇಳಮ್ಮ" ಎಂದರು ಮೇಡಂ. "ಸರಿ ಅನ್ನು, ಇಲ್ಲಾ ಯಾಕೆ ಅಂತ ಹೇಳು."

ಒಲ್ಲೆ ಎಂದೆ.